ಅಪ್ಪನ ಲಿವರ್ ಗಡ್ಡೆಗೆ ‘ಟೇಸ್’ ಮಾಡೋಣ ಅಂತಿದಾರೆ, ಬೆಂಗಳೂರಲ್ಲಿ ಮಾಡಿಸಿದವರು ಇದ್ರೆ ದಯವಿಟ್ಟು ಹೇಳಿ

ವಿದ್ಯಾರಣ್ಯಪುರ ಹುಡುಗ | ಭಾನುವಾರ, ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೀ ಓದ್ಕೊಂಡು ಹೋಗ್ತಿದ್ದೆ, ಇವತ್ತು ನಾನೇ ಬರೆಯೋ ಹಾಗಾಯ್ತು.

ನಮ್ಮಪ್ಪಂಗೆ 67. ಎಚ್‌ಎಂಟಿ ವಾಚ್ ಫ್ಯಾಕ್ಟರಿಲಿ ಇದ್ದವರು. ಕುಡಿತ, ಬೀಡಿ ಯಾವುದೂ ಇಲ್ಲ. ಹೋದ ತಿಂಗಳು ಹೊಟ್ಟೆ ಉಬ್ಬರ ಅಂತ ಸ್ಕ್ಯಾನಿಂಗ್ ಮಾಡ್ಸಿದ್ರೆ ಲಿವರ್‌ನಲ್ಲಿ ಏನೋ ಕಾಣ್ತಿದೆ ಅಂದ್ರು. ಆಮೇಲೆ ಟ್ರಿಪಲ್ ಫೇಸ್ ಸಿಟಿ ಆಯ್ತು. ಬಲಗಡೆ 6ನೇ ಸೆಗ್ಮೆಂಟಲ್ಲಿ 4.2 ಸೆಂ.ಮೀ. ಗಡ್ಡೆ, ಒಂದೇ ಒಂದು. ಸಿರೋಸಿಸ್ ಇದೆ, ಅಂದ್ರೆ ಲಿವರ್ ಕಲೆಗಟ್ಟಿ ಗಟ್ಟಿಯಾಗಿದೆಯಂತೆ. ಹೆಪಟೈಟಿಸ್ ಬಿ ಪಾಸಿಟಿವ್. ಎಂಡೋಸ್ಕೋಪಿಲಿ ಅನ್ನನಾಳದ ಸಿರೆಗಳು ಉಬ್ಬಿವೆ ಅಂತ ಬಂದಿದೆ.

ಬಿಲಿರುಬಿನ್ 1.4, ಆಲ್ಬುಮಿನ್ 3.3, ಐಎನ್‌ಆರ್ 1.2, ಪ್ಲೇಟ್‌ಲೆಟ್ 88 ಸಾವಿರ, ಎಎಫ್‌ಪಿ (ಲಿವರ್ ಗಡ್ಡೆಯ ಸುಳಿವು ಕೊಡೋ ರಕ್ತ ಪರೀಕ್ಷೆ) 410. ಹೊಟ್ಟೆಲಿ ನೀರಿಲ್ಲ. ಮನುಷ್ಯ ಚೆನ್ನಾಗೇ ಓಡಾಡ್ತಿದಾರೆ, ಬೆಳಿಗ್ಗೆ ಹಾಲು ತರೋದು ಈಗ್ಲೂ ಅವರೇ.

ಟ್ಯೂಮರ್ ಬೋರ್ಡ್‌ನಲ್ಲಿ, ಅಂದ್ರೆ ಬೇರೆ ಬೇರೆ ವಿಭಾಗದ ಡಾಕ್ಟ್ರುಗಳೆಲ್ಲ ಕೂತು ಮಾತಾಡಿ, ಆಪರೇಷನ್ ಬೇಡ, ಮೊದಲು ಟೇಸ್, ಆಮೇಲೆ ಮೈಕ್ರೋವೇವ್ ಅಂದ್ರು. ಐದು ನಿಮಿಷದಲ್ಲಿ ಮಾತು ಮುಗೀತು. ಹೊರಗೆ ಬಂದ್ಮೇಲೆ ನಂಗೆ ನೆನಪಿದ್ದಿದ್ದು ‘ಮೈಕ್ರೋವೇವ್’ ಒಂದೇ ಪದ, ಅದೂ ಅಡುಗೆಮನೆದು ಅನ್ನೋ ಕಾರಣಕ್ಕೆ.

ಕೇಳ್ಬೇಕಿರೋದು: ಬಯಾಪ್ಸಿ ಮಾಡದೆ ಕ್ಯಾನ್ಸರ್ ಅಂತ ಹೇಗೆ ಹೇಳ್ತಾರೆ? ಕೊಯ್ದು ತೆಗೆಯೋದು ಬಿಟ್ಟು ಇದೇನು ಸುತ್ತುದಾರಿ? ದೊಡ್ಡಪ್ಪ ಬೇರೆ ದಿನಕ್ಕೆರಡು ಸಲ ಫೋನ್ ಮಾಡಿ, ‘ಸೂಜಿ ತಾಗಿಸಿದ್ರೆ ಗಡ್ಡೆ ಕೆರಳುತ್ತೆ ಕಣೋ, ಮುಟ್ಟಿಸ್ಬೇಡ’ ಅಂತಿದಾರೆ. ಅಮ್ಮ ಅವರ ಮಾತು ಕೇಳ್ತಾರೆ, ನನ್ನದಲ್ಲ.

ಬೆಳ್ಳಂದೂರು ಬಡಪಾಯಿ | ಭಾನುವಾರ, ರಾತ್ರಿ 11:48

ಧೈರ್ಯವಾಗಿರಿ ಗುರು. ನಂಗೆ ಏನೂ ಗೊತ್ತಿಲ್ಲ, ಆದ್ರೆ ಇಲ್ಲಿ ಗೊತ್ತಿರೋರು ಇದಾರೆ. ಬೆಳಿಗ್ಗೆವರೆಗೆ ಗೂಗಲ್ ಮಾಡ್ಬೇಡಿ.

ಸೀಸದ ಅಂಗಿ | ಸೋಮವಾರ, ಬೆಳಿಗ್ಗೆ 6:35

ನಾನು ಇದೇ ವಿಭಾಗದವನು, ಇಂಟರ್ವೆನ್ಷನಲ್ ರೇಡಿಯಾಲಜಿ, ಅಂದ್ರೆ ಸ್ಕ್ಯಾನ್ ನೋಡಿಕೊಂಡು ಸೂಜಿ, ನಳಿಕೆಯಿಂದ ಚಿಕಿತ್ಸೆ ಮಾಡೋದು. ನಿಮ್ಮ ಸಿಡಿ ನೋಡದೆ ಬರೀತಿದೀನಿ ಅನ್ನೋದು ನೆನಪಿರಲಿ.

ಬಯಾಪ್ಸಿ ವಿಷಯ. ಸಿರೋಸಿಸ್ ಇರುವ ಲಿವರ್‌ನಲ್ಲಿ ಒಂದು ಗಡ್ಡೆ, ಡೈ ಕೊಟ್ಟ ಮೊದಲ ಅರ್ಧ ನಿಮಿಷದ ಆಚೀಚೆ ಬೆಳ್ಳಗೆ ಹೊಳೆದು, ಆಮೇಲಿನ ಹಂತದಲ್ಲಿ ಸುತ್ತಲಿನ ಲಿವರ್‌ಗಿಂತ ಕಪ್ಪಾದರೆ, ಅದು ಹೆಪಟೋಸೆಲ್ಯುಲರ್ ಕಾರ್ಸಿನೋಮ, ಅಂದ್ರೆ ಲಿವರ್‌ನಲ್ಲೇ ಹುಟ್ಟಿದ ಕ್ಯಾನ್ಸರ್ ಅಂತ ಚಿತ್ರದಿಂದಲೇ ಹೇಳಬಹುದು. ಟ್ರಿಪಲ್ ಫೇಸ್ ಅಂತ ಮೂರು ಸಲ ತೆಗೆಯೋದೇ ಅದಕ್ಕೆ. ಬೇರೆ ಕ್ಯಾನ್ಸರ್‌ಗಳಿಗೆ ಸಾಮಾನ್ಯವಾಗಿ ಈ ರಿಯಾಯಿತಿ ಇಲ್ಲ.

ಕೊಯ್ಯೋದು ಯಾಕೆ ಬೇಡ ಅಂದ್ರು? ನೀವು ಕೊಟ್ಟ ಅಂಕಿಯಲ್ಲೇ ಉತ್ತರ ಇದೆ. ಪ್ಲೇಟ್‌ಲೆಟ್ 88 ಸಾವಿರ, ಅನ್ನನಾಳದಲ್ಲಿ ಉಬ್ಬಿದ ಸಿರೆ. ಪೋರ್ಟಲ್ ಸಿರೆಯಲ್ಲಿ ಒತ್ತಡ ಏರಿದೆ ಅಂತ ಅರ್ಥ. ಅಂಥವರ ಲಿವರ್‌ನಿಂದ ಒಂದು ತುಂಡು ತೆಗೆದರೆ ಉಳಿದದ್ದು ಮನೆ ನಡೆಸುತ್ತೆ ಅನ್ನೋ ಭರವಸೆ ಇಲ್ಲ. ಮನೆಯವರು ಗಡ್ಡೆ ಎಷ್ಟು ದೊಡ್ಡದು ಅಂತ ಕೇಳ್ತಾರೆ. ನಾವು ಮೊದಲು ನೋಡೋದು ಗಡ್ಡೆ ಬಿಟ್ಟು ಉಳಿದ ಲಿವರ್ ಹೇಗಿದೆ ಅಂತ. ನಿಮ್ಮ ತಂದೆಯವರ ಬಿಲಿರುಬಿನ್, ಆಲ್ಬುಮಿನ್, ಐಎನ್‌ಆರ್, ಹೊಟ್ಟೆ ನೀರು, ಮಂಪರು ಈ ಐದಕ್ಕೂ ಅಂಕ ಕೊಟ್ಟು ಕೂಡಿದರೆ ಚೈಲ್ಡ್-ಪ್ಯೂ (ಲಿವರ್ ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ ಅನ್ನೋ ಅಳತೆ) 6, ಅಂದ್ರೆ ‘ಎ’ ದರ್ಜೆ. ಇದು ಒಳ್ಳೇ ಸುದ್ದಿ. ಇದೇ 4.2 ಸೆಂ.ಮೀ. ಗಡ್ಡೆ ‘ಸಿ’ ದರ್ಜೆಯ ಲಿವರ್‌ನಲ್ಲಿ ಕೂತಿದ್ದರೆ ನಾನು ಟೇಸ್ ಮಾತೇ ಎತ್ತುತ್ತಿರಲಿಲ್ಲ.

ಈಗ ಟೇಸ್ ಅಂದ್ರೇನು. ಅಪಧಮನಿಯಿಂದ ಕೀಮೋ ಔಷಧಿ ಬಿಟ್ಟು ಗಡ್ಡೆಯ ರಕ್ತನಾಳ ಮುಚ್ಚೋ ಚಿಕಿತ್ಸೆ. ಲಿವರ್‌ಗೆ ಎರಡು ಕಡೆಯಿಂದ ರಕ್ತ ಬರುತ್ತೆ. ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ಪೋರ್ಟಲ್ ಸಿರೆಯಿಂದ, ಉಳಿದ ಕಾಲು ಪಾಲು ಹೆಪ್ಯಾಟಿಕ್ ಅಪಧಮನಿಯಿಂದ. ನಮ್ಮೂರ ಲೆಕ್ಕದಲ್ಲಿ ಹೇಳೋದಾದ್ರೆ, ಮನೆಗೆ ಕಾವೇರಿ ನೀರೂ ಇದೆ, ಬೋರ್‌ವೆಲ್ಲೂ ಇದೆ. ಮೇಲ್ಮಹಡಿಗೆ ಹೇಳದೆ ಕೇಳದೆ ಬಂದು ಕೂತ ಬಾಡಿಗೆಯವನು, ಅಂದ್ರೆ ಗಡ್ಡೆ, ಹೆಚ್ಚುಕಡಿಮೆ ಬೋರ್‌ವೆಲ್ ಒಂದನ್ನೇ ನಂಬಿದಾನೆ. ಆ ಲೈನಿಗೆ ಔಷಧಿ ಬಿಟ್ಟು ಬಂದ್ ಮಾಡಿದರೆ ಅವನು ಒಣಗ್ತಾನೆ, ಮನೆಯವರು ಕಾವೇರಿಯಲ್ಲಿ ಬದುಕ್ತಾರೆ. ಅದೇ ಕಾವೇರಿ ಮೇನ್ ಲೈನೇ ಕಟ್ಟಿಕೊಂಡಿದ್ರೆ, ಅಂದ್ರೆ ಮುಖ್ಯ ಪೋರ್ಟಲ್ ಸಿರೆಯೊಳಗೆ ಗಡ್ಡೆ ನುಗ್ಗಿದ್ರೆ, ಬೋರ್‌ವೆಲ್ ಮುಚ್ಚುವಾಗ ಹತ್ತು ಸಲ ಯೋಚಿಸಬೇಕು. ನಿಮ್ಮ ರಿಪೋರ್ಟಲ್ಲಿ ‘ಪೋರ್ಟಲ್ ವೇನ್ ಪೇಟೆಂಟ್’, ಅಂದ್ರೆ ಆ ಸಿರೆ ತೆರೆದಿದೆ ಅಂತ ಇದೆಯಾ ನೋಡಿ.

ದೊಡ್ಡಪ್ಪನವರಿಗೆ: ಟೇಸ್‌ನಲ್ಲಿ ಗಡ್ಡೆಗೆ ಸೂಜಿ ಚುಚ್ಚೋದೇ ಇಲ್ಲ. ತೊಡೆಸಂದಿನ ಅಥವಾ ಮಣಿಕಟ್ಟಿನ ಅಪಧಮನಿಯಿಂದ ಸಣ್ಣ ನಳಿಕೆ ಹೋಗುತ್ತೆ. ಮೈಕ್ರೋವೇವ್ ಅಂದ್ರೆ ಗಡ್ಡೆಯನ್ನ ಬಿಸಿಯಿಂದ ಸುಡೋದು, ಅದರಲ್ಲಿ ಸೂಜಿ ಒಳಗೆ ಹೋಗುತ್ತೆ, ನಿಜ. ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಕಣ ಉಳಿಯೋ ಸಂಭವ ಸಣ್ಣದಾದರೂ ಇದೆ, ಅವರ ಭಯ ಪೂರ್ತಿ ಕಟ್ಟುಕಥೆಯಲ್ಲ. ಅದಕ್ಕೇ ಸೂಜಿ ಹೊರಗೆ ಎಳೆಯುವಾಗ ದಾರಿಯನ್ನೂ ಸುಟ್ಟುಕೊಂಡು ಬರ್ತೀವಿ.

ಬೆಳ್ಳಂದೂರು ಬಡಪಾಯಿ | ಸೋಮವಾರ, ಬೆಳಿಗ್ಗೆ 9:10

ನಮ್ಮ ಅಪಾರ್ಟ್‌ಮೆಂಟಿಗೆ ಕಾವೇರಿಯೂ ಇಲ್ಲ, ಬೋರೂ ಬತ್ತಿದೆ, ಟ್ಯಾಂಕರ್ ಒಂದೇ. ನನ್ನ ಲಿವರ್ ಬಗ್ಗೆ ಚಿಂತೆ ಶುರುವಾಯ್ತು.

ಜೋಕ್ ಬಿಡಿ ಡಾಕ್ಟ್ರೇ, ಇದು ಹೊಸ ಪ್ರಯೋಗನಾ? ಎಷ್ಟು ವರ್ಷದಿಂದ ಮಾಡ್ತಿದಾರೆ?

ಸೀಸದ ಅಂಗಿ | ಸೋಮವಾರ, ಮಧ್ಯಾಹ್ನ 2:05

ಹೊಸದಲ್ಲ. ಸೂಜಿ ಚುಚ್ಚಿ, ತಂತಿ ತೂರಿಸಿ, ತಂತಿಯ ಮೇಲೆ ನಳಿಕೆ ಜಾರಿಸೋ ವಿಧಾನ ಸ್ವೀಡನ್ನಿನ ಸೆಲ್ಡಿಂಗರ್ ಅವರದ್ದು, 1953. ಇವತ್ತಿಗೂ ನಮ್ಮ ದಿನ ಶುರುವಾಗೋದು ಅದರಿಂದಲೇ. ಲಿವರ್ ಗಡ್ಡೆಯ ರಕ್ತನಾಳ ಮುಚ್ಚೋ ಚಿಕಿತ್ಸೆಯನ್ನ ಬೆಳೆಸಿದವರು 1970ರ ದಶಕದ ಕೊನೆಯಲ್ಲಿ ಜಪಾನಿನವರು, ಯಮಾಡ ಮತ್ತು ಅವರ ತಂಡ. ಆದ್ರೂ ‘ಇದರಿಂದ ಆಯಸ್ಸು ಹೆಚ್ಚುತ್ತಾ’ ಅನ್ನೋದಕ್ಕೆ ಗಟ್ಟಿ ಪುರಾವೆ ಬಂದದ್ದು 2002ರಲ್ಲಿ, ಬಾರ್ಸಿಲೋನಾದಿಂದ ಒಂದು, ಹಾಂಗ್‌ಕಾಂಗಿನಿಂದ ಒಂದು ಅಧ್ಯಯನ. ಎರಡರಲ್ಲೂ ಉಪಯೋಗ ಆಗಿದ್ದು ಆರಿಸಿ ತೆಗೆದ ರೋಗಿಗಳಿಗೆ. ಅದನ್ನ ಮರೆತವರು ಬಹಳ ಜನ.

ನಿವೃತ್ತ ಸಿಸ್ಟರ್ | ಸೋಮವಾರ, ಸಂಜೆ 7:30

ಮಗಾ, ನಾನು ಕ್ಯಾಥ್‌ಲ್ಯಾಬಲ್ಲಿ ಬಹಳ ವರ್ಷ ಇದ್ದೋಳು. ಡಾಕ್ಟ್ರು ಹೇಳಿದ್ದು ಸರಿ, ಆದ್ರೆ ಅವತ್ತಿನ ದಿನ ಏನಾಗುತ್ತೆ ಅಂತ ಅವರು ಹೇಳಲ್ಲ. ನಾನು ಹೇಳ್ತೀನಿ.

ಹಿಂದಿನ ರಾತ್ರಿಯಿಂದ ಖಾಲಿ ಹೊಟ್ಟೆ. ಅಪ್ಪಂಗೆ ಶುಗರ್ ಇದ್ದು ಮೆಟ್‌ಫಾರ್ಮಿನ್ ತಗೋತಿದ್ರೆ, ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೆ ಮೊದಲೇ ಹೇಳಿ. ನಿಲ್ಲಿಸ್ಬೇಕಾ, ಯಾವಾಗಿಂದ ಅಂತ ಅವರೇ ಹೇಳ್ತಾರೆ, ನೀವಾಗಿ ನಿಲ್ಲಿಸ್ಬೇಡಿ. ಕ್ರಿಯಾಟಿನಿನ್ ರಿಪೋರ್ಟ್ ಕೈಲಿರ್ಲಿ, ಡೈ ಕಿಡ್ನಿಗೆ ಭಾರ. ಉಂಗುರ, ಉಡಿದಾರ, ವಾಚು ಎಲ್ಲ ಮನೇಲೇ ಬಿಚ್ಚಿಟ್ಟು ಬನ್ನಿ. ಲ್ಯಾಬಲ್ಲಿ ಬಿಚ್ಚಿಸಿದ್ರೆ ಕಳೆದೋಯ್ತು ಅಂತ ಗಲಾಟೆ.

ಒಳಗೆ ವಿಪರೀತ ಚಳಿ, ಮಿಷನ್ನಿಗೋಸ್ಕರ. ಕಂಬಳಿ ಕೇಳೋಕೆ ನಾಚ್ಕೋಬೇಡಿ ಅಂತ ಅಪ್ಪಂಗೆ ಹೇಳಿ. ಮರಗಟ್ಟೋ ಇಂಜೆಕ್ಷನ್ ಮಾತ್ರ, ಎಚ್ಚರವಾಗೇ ಇರ್ತಾರೆ. ಡೈ ಬಿಟ್ಟಾಗ ಹೊಟ್ಟೆಯೊಳಗೆ ಬಿಸಿನೀರು ಹರಿದ ಹಾಗಾಗುತ್ತೆ. ‘ಉಸಿರು ಬಿಗಿ ಹಿಡೀರಿ’ ಅಂತ ಹತ್ತಾರು ಸಲ ಹೇಳ್ತಾರೆ, ಅಷ್ಟೇ ಅವರ ಕೆಲಸ.

ಔಷಧಿ ಬೆರೆಸೋದು ನೋಡ್ಬೇಕು ನೀವು. ಡಾಕ್ಸೋರುಬಿಸಿನ್ ಕುಂಕುಮದ ನೀರಿನ ಥರ ಕೆಂಪು. ಲಿಪಿಯೋಡಾಲ್ ಅಂತ ಇನ್ನೊಂದು, ಎಣ್ಣೆ, ತಿಳಿ ಹಳದಿ. ಅದು ಗಸಗಸೆ ಎಣ್ಣೆ ಕಣಪ್ಪ! ಗಸಗಸೆ ಎಣ್ಣೆಗೆ ಅಯೋಡಿನ್ ಸೇರಿಸಿರೋದು. ಎರಡು ಸಿರಿಂಜಿಗೆ ಎರಡನ್ನೂ ತುಂಬಿ, ಮಧ್ಯೆ ಮೂರು ದಾರಿಯ ತಿರುಪು ಹಾಕಿ, ಆ ಕಡೆ ಈ ಕಡೆ ಆ ಕಡೆ ಈ ಕಡೆ ತಳ್ತಾ ಇರ್ಬೇಕು. ನೀರು ಎಣ್ಣೆ ಸೇರಲ್ಲ ತಾನೆ, ಕೈ ಸೋಲೋವರೆಗೂ ತಳ್ಳಿದ್ರೆ ಮಂದವಾದ ಕೇಸರಿ ಬಣ್ಣಕ್ಕೆ ಬರುತ್ತೆ. ಬಿಟ್ರೆ ಮತ್ತೆ ಒಡೆಯುತ್ತೆ, ಅದಕ್ಕೆ ಡಾಕ್ಟ್ರು ‘ಸಿಸ್ಟರ್, ಕೊಡಿ’ ಅನ್ನೋವಾಗ ಹದವಾಗಿರ್ಬೇಕು. ಆ ಎಣ್ಣೆ ಕೆಲವು ಜಾತಿ ಪ್ಲಾಸ್ಟಿಕ್ ತಿರುಪನ್ನ ಬಿರುಕು ಬಿಡಿಸುತ್ತೆ. ಹೊಸಬರು ಕೈಗೆ ಸಿಕ್ಕಿದ್ದು ಹಾಕಿ ಬೈಸ್ಕೊಂಡಿದ್ದು ಎಷ್ಟು ಸಲ ನೋಡಿಲ್ಲ.

ಎಣ್ಣೆ ಹೋದ್ಮೇಲೆ ಜೆಲ್‌ಫೋಮ್ ಅಂತ ಸ್ಪಂಜಿನಂಥದ್ದರ ಚೂರು ಹಾಕಿ ನಾಳ ಮುಚ್ತಾರೆ. ಕೆಲವು ಕಡೆ ಎಣ್ಣೆ ಬದಲು ಔಷಧಿ ಹೀರ್ಕೊಂಡಿರೋ ಸಣ್ಣ ಮಣಿ ಬಿಡ್ತಾರೆ.

ಮುಗಿದ್ಮೇಲೆ ತೊಡೆಸಂದು ಒತ್ತಿ ಹಿಡಿಯೋದು, ಹದಿನೈದು ಇಪ್ಪತ್ತು ನಿಮಿಷ. ಆಮೇಲೆ ಕಾಲು ಮಡಚೋ ಹಾಗಿಲ್ಲ, ಗಂಟೆಗಟ್ಟಲೆ. ಗಂಡಸರಿಗೆ ನೋವಿಗಿಂತ ಮಲಗಿ ಮೂತ್ರ ಮಾಡೋದೇ ಕಷ್ಟ, ಅದಕ್ಕೆ ಎದ್ದು ನಿಂತು ರಕ್ತ ಸುರಿಸ್ಕೊಂಡೋರನ್ನ ಕಂಡಿದೀನಿ. ಅಪ್ಪಂಗೆ ಇದೊಂದು ಮಾತ್ರ ಗಟ್ಟಿಯಾಗಿ ಹೇಳು.

ಇನ್ನೊಂದು. ಹೆಪಟೈಟಿಸ್ ಬಿ ಅಂದ್ಯಲ್ಲ. ಅಮ್ಮ, ನೀನು, ಒಡಹುಟ್ಟಿದೋರು ಎಲ್ಲರೂ ಎಚ್‌ಬಿಎಸ್‌ಎಜಿ, ಅದೇ ಆ ವೈರಸ್ ಇದೆಯಾ ಅಂತ ನೋಡೋ ರಕ್ತ ಪರೀಕ್ಷೆ, ಮಾಡ್ಸಿದ್ರಾ?

ವಿದ್ಯಾರಣ್ಯಪುರ ಹುಡುಗ | ಸೋಮವಾರ, ರಾತ್ರಿ 10:15

ಪೋರ್ಟಲ್ ವೇನ್ ಪೇಟೆಂಟ್ ಅಂತಲೇ ಇದೆ ಸರ್. ಅಮ್ಮಂಗೆ ಓದಿ ಹೇಳ್ದೆ. ಗಸಗಸೆ ಎಣ್ಣೆ ಅಂದಿದ್ದಕ್ಕೆ ಅಮ್ಮ ಒಂದು ವಾರದಲ್ಲಿ ಮೊದಲ ಸಲ ನಕ್ರು. ‘ಪಾಯಸ ಮಾಡ್ಬಿಡ್ಲಾ’ ಅಂದ್ರು.

ಟೆಸ್ಟ್ ಮಾಡ್ಸಿಲ್ಲ ಸಿಸ್ಟರ್. ಯಾರೂ ಹೇಳಿಲ್ಲ.

ಅಜ್ಜಿಮದ್ದು | ಸೋಮವಾರ, ರಾತ್ರಿ 10:52

ಇದೆಲ್ಲ ಮಾಡ್ಸೋಕೆ ಮುಂಚೆ ಒಂದು ಮಂಡಲ ಕಿರುನೆಲ್ಲಿ ಅರೆದು ಹಸುವಿನ ಹಾಲಲ್ಲಿ ಕೊಡಿ. ಜೊತೆಗೆ ಅಮೃತಬಳ್ಳಿ ಕಷಾಯ. ನಮ್ಮ ಊರ ಕಡೆ ಕಾಮಾಲೆಗೆ ಇದೇ. ವಿದೇಶದವರೂ ಕಿರುನೆಲ್ಲಿ ಒಪ್ಪಿದ್ದಾರೆ.

ಸೀಸದ ಅಂಗಿ | ಮಂಗಳವಾರ, ಬೆಳಿಗ್ಗೆ 6:20

ನೀವು ಹೇಳ್ತಿರೋದು 1988ರ ಲ್ಯಾನ್ಸೆಟ್ ವರದಿ ಇರಬೇಕು, ಮದ್ರಾಸಿನಿಂದ ಬಂದಿದ್ದು. ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದ ಬ್ಲೂಂಬರ್ಗ್ ಕೂಡ ಕಿರುನೆಲ್ಲಿಯ ಸಂಶೋಧನೆಯಲ್ಲಿ ಕೈಜೋಡಿಸಿದ್ದರು. ಆಸೆ ಹುಟ್ಟಿಸಿದ್ದು ಹೌದು. ಆಮೇಲೆ ಬೇರೆ ಕಡೆ ಮಾಡಿ ನೋಡಿದಾಗ ಆ ಫಲಿತಾಂಶ ಸಿಗಲಿಲ್ಲ. ಕಾಮಾಲೆಯ ಎಷ್ಟೋ ಕೇಸುಗಳು, ಹೆಪಟೈಟಿಸ್ ಎ ಥರದ್ದು, ತಾವಾಗೇ ವಾಸಿಯಾಗ್ತವೆ, ಹೆಸರು ಮದ್ದಿಗೆ ಹೋಗುತ್ತೆ. ಅಮೃತಬಳ್ಳಿಯದ್ದು ಬೇರೆ ಕಥೆ. ಕೋವಿಡ್ ಸಮಯದಲ್ಲಿ ಅದನ್ನ ಕುಡಿದು ಲಿವರ್ ಊದಿಸಿಕೊಂಡವರ ವರದಿಗಳು ನಮ್ಮ ದೇಶದಿಂದಲೇ ಬಂದಿವೆ. ಸಿರೋಸಿಸ್ ಇರೋರಿಗೆ ದಯವಿಟ್ಟು ಹೇಳ್ಬೇಡಿ.

ಅಜ್ಜಿಮದ್ದು | ಮಂಗಳವಾರ, ಬೆಳಿಗ್ಗೆ 8:00

ನಿಮ್ಮ ಕೀಮೋ ಕುಡಿದು ಯಾರಿಗೂ ಏನೂ ಆಗಿಲ್ವಾ?

ನಿರ್ವಾಹಕ | ಮಂಗಳವಾರ, ಬೆಳಿಗ್ಗೆ 8:25

ಇದನ್ನ ಇಲ್ಲಿಗೇ ನಿಲ್ಲಿಸಿ. ಮನೆಮದ್ದಿನ ಚರ್ಚೆಗೆ ಬೇರೆ ಎಳೆ ಇದೆ. ಮುಂದಿನ ಮೂರು ಉತ್ತರ ತೆಗೆದಿದೀನಿ.

ಸಾಸಿವೆಕಾಳು | ಮಂಗಳವಾರ, ಮಧ್ಯಾಹ್ನ 3:40

ಬರೀಬೇಕೋ ಬೇಡವೋ ಅಂತ ನೋಡ್ತಿದ್ದೆ. ನಮ್ಮ ಮನೆಯವರಿಗೆ ಒಂದು ವರ್ಷದಲ್ಲಿ ಮೂರು ಸಲ ಟೇಸ್ ಆಯ್ತು. ಆಸ್ಪತ್ರೆ ಹೆಸರು ಬೇಡ.

ಮೊದಲನೇ ಸಲ ಚೆನ್ನಾಗಿತ್ತು. ನಾಲ್ಕು ದಿನ ಜ್ವರ, ಬಲಗಡೆ ಪಕ್ಕೆ ನೋವು, ಊಟ ಸೇರ್ತಿರಲಿಲ್ಲ, ಆಮೇಲೆ ಸರಿಹೋದ್ರು. ತಿಂಗಳು ಬಿಟ್ಟು ಸಿಟಿ ಮಾಡಿದಾಗ ಗಡ್ಡೆ ಜಾಗದಲ್ಲಿ ಎಣ್ಣೆ ಅಚ್ಚ ಬಿಳಿಯಾಗಿ ಕೂತಿತ್ತು, ಸುಣ್ಣದ ಉಂಡೆ ಥರ. ಎರಡನೇ ಸಲ ಇನ್ನೊಂದು ಕಡೆ ಹೊಸದು ಬಂತು ಅಂತ ಮಾಡಿದ್ರು. ಅದೂ ಪರವಾಗಿಲ್ಲ.

ಮೂರನೇ ಸಲ ಮಾಡಿಸಬಾರದಿತ್ತು. ಅಷ್ಟೊತ್ತಿಗೆ ಬಿಲಿರುಬಿನ್ 3 ದಾಟಿತ್ತು, ಕಾಲಲ್ಲಿ ಊತ ಇತ್ತು. ನನಗೆ ಈ ಅಂಕಿಗಳ ಅರ್ಥ ಗೊತ್ತಿರಲಿಲ್ಲ, ಫೈಲಲ್ಲಿ ಇಟ್ಕೊಂಡು ಓಡಾಡ್ತಿದ್ದೆ ಅಷ್ಟೇ. ‘ಇನ್ನೊಂದು ಸಲ ಮಾಡೋಣ’ ಅಂದ್ರು, ನಾವೂ ಹೂಂ ಅಂದ್ವಿ. ಮಾಡಿದ ಹತ್ತು ದಿನಕ್ಕೆ ಹೊಟ್ಟೆ ತುಂಬಾ ನೀರು, ಕಣ್ಣು ಅರಿಶಿನ. ಗಡ್ಡೆ ಸತ್ತಿತ್ತು ಅಂತ ಸಿಟಿಲಿ ಬಂತು. ಲಿವರ್ ಜೊತೆಗೇ ಹೋಯ್ತು. ಅವರು ಎರಡು ತಿಂಗಳು ಇದ್ರು.

ಅದಕ್ಕೇ ಮೇಲೆ ಡಾಕ್ಟ್ರು ಉಳಿದ ಲಿವರ್ ಅಂತ ಬರೆದಿದ್ದನ್ನ ನಾಲ್ಕು ಸಲ ಓದ್ದೆ. ತಮ್ಮಾ, ಪ್ರತಿ ಸಲ ಮಾಡೋಕೆ ಮುಂಚೆ ಅದೇ ವಾರದ ಎಲ್‌ಎಫ್‌ಟಿ (ಲಿವರ್‌ನ ರಕ್ತ ಪರೀಕ್ಷೆ) ಕೈಲಿಟ್ಕೊಂಡು ಹೋಗಿ. ‘ಇದು ಗುಣ ಮಾಡೋಕಾ, ಕಸಿವರೆಗೆ ಹಿಡಿದಿಡೋಕಾ, ಸ್ವಲ್ಪ ದಿನ ತಳ್ಳೋಕಾ?’ ಅಂತ ಬಾಯಿಬಿಟ್ಟು ಕೇಳಿ. ಬೇಜಾರು ಮಾಡ್ಕೊಂಡ್ರೆ ಮಾಡ್ಕೊಳ್ಳಲಿ.

ಸೀಸದ ಅಂಗಿ | ಮಂಗಳವಾರ, ರಾತ್ರಿ 9:50

ಅಮ್ಮಾ, ನೀವು ಬರೆದಿದ್ದಕ್ಕೆ ಕೈಮುಗಿಯುತ್ತೇನೆ. ನಮ್ಮ ವಿಭಾಗದಲ್ಲಿ ಇದನ್ನ ಒಪ್ಪಿಕೊಳ್ಳೋದು ಕಷ್ಟ: ನಳಿಕೆ ಗಡ್ಡೆವರೆಗೆ ತಲುಪುತ್ತೆ ಅನ್ನೋದೇ ಮಾಡೋಕೆ ಕಾರಣ ಆಗಿಬಿಡುತ್ತೆ ಕೆಲವು ಸಲ. ಟೇಸ್ ಕೆಲಸ ಮಾಡ್ತಿಲ್ಲ ಅಂತಾದರೆ, ಲಿವರ್ ಇನ್ನೂ ಗಟ್ಟಿ ಇರುವಾಗಲೇ ಔಷಧಿ ಕಡೆಗೆ ತಿರುಗಬೇಕು. ಮೊದಲು ಸೊರಾಫೆನಿಬ್ ಮಾತ್ರೆ ಒಂದೇ ಇತ್ತು, 2008ರ ಹೊತ್ತಿಗೆ ಬಂದಿದ್ದು. 2020ರಿಂದ ಅಟೆಜೊಲಿಜುಮಾಬ್ ಜೊತೆ ಬೆವಸಿಜುಮಾಬ್ ಕೊಡೋದು ಬಂದಮೇಲೆ ಆ ದಾರಿ ಮೊದಲಿಗಿಂತ ಅಗಲ ಆಗಿದೆ. ಆದ್ರೆ ಆ ದಾರಿಗೂ ಟಿಕೆಟ್ ಕೊಡೋದು ಲಿವರ್ ದರ್ಜೆಯೇ.

ವಿದ್ಯಾರಣ್ಯಪುರದವರಿಗೆ: ನಿಮ್ಮ ಬೋರ್ಡು ಟೇಸ್ ಮತ್ತು ಮೈಕ್ರೋವೇವ್ ಎರಡನ್ನೂ ಯಾಕೆ ಹೇಳಿತು ಅಂದ್ರೆ, ಸೂಜಿಯಿಂದ ಸುಡೋದು 2 ಸೆಂ.ಮೀ. ಒಳಗಿನ ಗಡ್ಡೆಗೆ ತುಂಬಾ ಚೆನ್ನಾಗಿ, 3 ಸೆಂ.ಮೀ.ವರೆಗೆ ಚೆನ್ನಾಗಿ ಕೆಲಸ ಮಾಡುತ್ತೆ. ಗಡ್ಡೆಯಷ್ಟೇ ಸುಟ್ಟರೆ ಸಾಲದು, ಸುತ್ತ ಅರ್ಧದಿಂದ ಒಂದು ಸೆಂ.ಮೀ. ಅಂಚೂ ಸೇರಬೇಕು. 4.2 ಅಂದ್ರೆ ಸುಡಬೇಕಾದ ಉಂಡೆ 5 ದಾಟುತ್ತೆ. ಪಕ್ಕದಲ್ಲಿ ದೊಡ್ಡ ರಕ್ತನಾಳ ಇದ್ದರೆ ಹರಿಯೋ ರಕ್ತ ಬಿಸಿಯನ್ನ ಹೊತ್ಕೊಂಡು ಹೋಗುತ್ತೆ, ಒಲೆ ಮೇಲಿಟ್ಟ ಪಾತ್ರೆಗೆ ತಣ್ಣೀರು ಬಿಡ್ತಾ ಇದ್ದ ಹಾಗೆ. ಮೊದಲು ಟೇಸ್‌ನಿಂದ ರಕ್ತ ನಿಲ್ಲಿಸಿದರೆ ಬಿಸಿ ಅಲ್ಲೇ ನಿಲ್ಲುತ್ತೆ. ಇನ್ನು 6ನೇ ಸೆಗ್ಮೆಂಟ್ ಕೆಳಗೆ ದೊಡ್ಡಕರುಳು, ಹಿಂದೆ ಬಲ ಕಿಡ್ನಿ. ಕರುಳು ತೀರಾ ಅಂಟಿಕೊಂಡಿದ್ರೆ ಮಧ್ಯೆ ಗ್ಲೂಕೋಸ್ ನೀರು ಬಿಟ್ಟು ಅದನ್ನ ದೂರ ಸರಿಸಿ ಆಮೇಲೆ ಸುಡ್ತಾರೆ.

ಹುಬ್ಬಳ್ಳಿ ಟು ಹೆಬ್ಬಾಳ | ಬುಧವಾರ, ಬೆಳಿಗ್ಗೆ 7:45

ನಮ್ಮ ಕಾಕಾನ ಕಥಿ ಬ್ಯಾರೆ ಐತ್ರಿ. ಅವರದು ಹುಟ್ಟಿದ್ದ ದೊಡ್ಡಕರುಳಾಗ, ಲಿವರ್‌ಗೆ ಹರಡಿತ್ತು. ಬಲಗಡೆ ಭಾಗ ಪೂರಾ ತಗೀಬೇಕು, ಆದ್ರ ಎಡಗಡೆದು ಭಾಳ ಸಣ್ಣದೈತಿ, ಅಷ್ಟರಾಗ ಜೀವ ನಿಲ್ಲೂದಿಲ್ಲ ಅಂದ್ರು. ಅದಕ ಏನ್ ಮಾಡಿದ್ರು ಗೊತ್ತೇನ್ರಿ, ಹೊಟ್ಟಿ ಮ್ಯಾಲಿಂದನ ಸೂಜಿ ಹಾಕಿ ಬಲಗಡೆ ಪೋರ್ಟಲ್ ಸಿರಾ ಮುಚ್ಚಿಬಿಟ್ರು. ಊಟ ಎಲ್ಲಾ ಎಡಗಡೆಗೇ ಹೋಗಾಕತ್ತಿತು, ಐದು ವಾರದಾಗ ಅದು ಬೆಳದು ದೊಡ್ಡದಾತು. ಆಮ್ಯಾಲೆ ಕೊಯ್ದ್ರು. ಕಾಕಾ ಈಗ ಮನ್ಯಾಗ ಟಿವಿ ರಿಮೋಟ್ ಯಾರಿಗೂ ಕೊಡಂಗಿಲ್ಲ.

ಡಾಕ್ಟ್ರ ಲೆಕ್ಕದಾಗ ಇದು ಕಾವೇರಿನ ತಿರುಗಿಸಿದ್ದು ಅನ್ರಿ.

ಬೆಳ್ಳಂದೂರು ಬಡಪಾಯಿ | ಬುಧವಾರ, ಬೆಳಿಗ್ಗೆ 11:00

ವೈ-90 ಅಂತ ಒಂದು ಓದ್ದೆ (ಹೌದು, ಗೂಗಲ್ ಮಾಡ್ದೆ). ರೇಡಿಯೋಆಕ್ಟಿವ್ ಮಣಿಯಂತೆ. ಅದೇ ಲೇಟೆಸ್ಟ್ ಅಲ್ವಾ, ಅದನ್ಯಾಕೆ ಮಾಡಲ್ಲ?

ಸೀಸದ ಅಂಗಿ | ಬುಧವಾರ, ರಾತ್ರಿ 10:30

ಲೇಟೆಸ್ಟ್ ಅನ್ನೋ ಪದವೇ ತೊಂದರೆ. ಇಟ್ರಿಯಂ-90 ತುಂಬಿದ ಗಾಜಿನ ಅಥವಾ ರಾಳದ ಮಣಿಗಳನ್ನ ಅದೇ ಅಪಧಮನಿಯಿಂದ ಬಿಡ್ತೀವಿ. ಕೂದಲಿನ ದಪ್ಪಕ್ಕಿಂತ ಸಣ್ಣವು. ಅವುಗಳ ವಿಕಿರಣ ಸರಾಸರಿ 2.5 ಮಿ.ಮೀ. ದೂರ ಮಾತ್ರ ಹೋಗುತ್ತೆ, ಅರ್ಧಾಯುಷ್ಯ 64 ಗಂಟೆ. ಹನ್ನೊಂದು ದಿನದಲ್ಲಿ ಶೇ 94ರಷ್ಟು ಕೆಲಸ ಮುಗಿದಿರುತ್ತೆ. ಮನೆಗೆ ಕಳಿಸ್ತೀವಿ, ಆದ್ರೆ ಕೆಲವು ದಿನ ಮೊಮ್ಮಕ್ಕಳನ್ನ ತೊಡೆ ಮೇಲೆ ಕೂರಿಸ್ಕೋಬೇಡಿ ಅಂತ ಹೇಳಿ.

ನೇರವಾಗಿ ಮಾಡೋಕಾಗಲ್ಲ. ಮೊದಲು ಒಂದು ದಿನ ರಿಹರ್ಸಲ್: ಟೆಕ್ನೀಷಿಯಂ ಬೆರೆಸಿದ ಕಣ ಬಿಟ್ಟು, ಲಿವರ್‌ನಿಂದ ಎಷ್ಟು ಪಾಲು ಶ್ವಾಸಕೋಶಕ್ಕೆ ಸೋರುತ್ತೆ ಅಂತ ನೋಡ್ತೀವಿ. ಜಾಸ್ತಿ ಸೋರಿದ್ರೆ ಅಲ್ಲಿಗೇ ಕೈಬಿಡಬೇಕು. ಮೇಲಾಗಿ ಹೊರದೇಶದ ಮಣಿಯ ಖರ್ಚು ಹಲವು ಲಕ್ಷ. ಮುಂಬೈಯ ಬಾರ್ಕ್‌ (ಭಾಭಾ ಅಣು ಸಂಶೋಧನಾ ಕೇಂದ್ರ) ನವರೂ ದೇಶೀ ಮಣಿ ತಯಾರಿಸಿದ್ದಾರೆ. ಪೋರ್ಟಲ್ ಸಿರೆಯ ಕವಲಿಗೆ ಗಡ್ಡೆ ನುಗ್ಗಿರೋರಿಗೆ, ದೊಡ್ಡ ಗಡ್ಡೆಯವರಿಗೆ ನಾನು ಇದನ್ನ ಯೋಚಿಸ್ತೀನಿ. ಇವರ ತಂದೆಗೆ ಬೋರ್ಡು ಹೇಳಿದ್ದರಲ್ಲಿ ನನಗೇನೂ ತಪ್ಪು ಕಾಣ್ತಿಲ್ಲ.

ಕಸಿಯ ಬಗ್ಗೆ ಯಾರೋ ಖಾಸಗಿಯಾಗಿ ಕೇಳಿದ್ರು. ಒಂದೇ ಗಡ್ಡೆ 5 ಸೆಂ.ಮೀ. ಒಳಗೆ, ಅಥವಾ ಮೂರು ಗಡ್ಡೆ ತಲಾ 3ರ ಒಳಗೆ, ಇದು 1996ರ ಮಿಲಾನ್ ಅಳತೆ. ಇವರು ಅದರೊಳಗೇ ಇದಾರೆ. ವಯಸ್ಸು, ಹೃದಯ, ದಾನಿ, ದುಡ್ಡು ಎಲ್ಲ ನೋಡಿ ಮಾತಾಡಬೇಕು. ಮೃತದಾನಿಯ ಲಿವರ್‌ಗೆ ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಕಾಯಬೇಕು, ಕಾಯುವಾಗ ಗಡ್ಡೆ ಬೆಳೆಯದಂತೆ ಹಿಡಿದಿಡೋಕೂ ಟೇಸನ್ನೇ ಬಳಸ್ತೀವಿ.

ಟಿಪಿಎ ಪೀಡಿತ | ಗುರುವಾರ, ಮಧ್ಯಾಹ್ನ 12:15

ದುಡ್ಡಿನ ಮಾತು ಯಾರೂ ಆಡ್ತಿಲ್ಲ, ನಾನು ಆಡ್ತೀನಿ. ನಮ್ಮ ಮಾವಂಗೆ ಒಂದು ಖಾಸಗಿ ಆಸ್ಪತ್ರೆಲಿ ‘ಪ್ಯಾಕೇಜ್’ ಅಂತ ಒಂದು ಅಂಕಿ ಹೇಳಿ, ಡಿಸ್ಚಾರ್ಜ್ ದಿನ ಮೈಕ್ರೋಕ್ಯಾತಿಟರ್, ವೈರು, ಮಣಿ ಎಲ್ಲ ಬೇರೆ ಅಂತ ಸೇರ್ಸಿದ್ರು. ಇನ್ಶೂರೆನ್ಸಿನೋರು ‘24 ಗಂಟೆ ಅಡ್ಮಿಟ್ ಆಗಿಲ್ಲ’ ಅಂತ ಕ್ಲೇಮ್ ತಿರಸ್ಕರಿಸಿದ್ರು, 23 ಗಂಟೆ 10 ನಿಮಿಷಕ್ಕೆ ಬಿಟ್ಟಿದ್ರಂತೆ! ಒಂದು ಸಹಿಗೆ ಮೂರು ವಾರ ಅಲೆದೆ. ಎಸ್ಟಿಮೇಟಲ್ಲಿ ‘ಕನ್ಸ್ಯೂಮಬಲ್ಸ್ ಸೇರಿ’ ಅಂತ ಬರೆಸ್ಕೊಳ್ಳಿ, ಎಷ್ಟು ಗಂಟೆಗೆ ದಾಖಲು ಅನ್ನೋದನ್ನ ನೀವೇ ಗುರುತು ಹಾಕ್ಕೊಳ್ಳಿ.

ಬಿಪಿಎಲ್ ಕಾರ್ಡಿದ್ರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ಗರಿಷ್ಠ 1.5 ಲಕ್ಷ. ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ಅದಿಲ್ಲದೆ ಕೌಂಟರಲ್ಲಿ ಮುಖ ಕೂಡ ನೋಡಲ್ಲ. ಹೊಸೂರು ರಸ್ತೆಯ ಕಿದ್ವಾಯಿ, ವಿಕ್ಟೋರಿಯಾ ಆವರಣದ ಗ್ಯಾಸ್ಟ್ರೋ ಸಂಸ್ಥೆ ಎರಡು ಕಡೆಯೂ ಒಮ್ಮೆ ವಿಚಾರಿಸಿ.

ವಿದ್ಯಾರಣ್ಯಪುರ ಹುಡುಗ | ಮುಂದಿನ ಶನಿವಾರ, ರಾತ್ರಿ 9:30

ಗುರುವಾರ ಆಯ್ತು. ಬೆಳಿಗ್ಗೆ ಎಂಟಕ್ಕೆ ಒಳಗೆ, ಹತ್ತೂವರೆಗೆ ಹೊರಗೆ.

ಸಿಸ್ಟರ್ ಹೇಳಿದ ಹಾಗೆ ವಾಚು ಮನೇಲಿ ಬಿಡಿ ಅಂದ್ರೆ ಅಪ್ಪ ಒಪ್ಪಲಿಲ್ಲ. ಕೀ ಕೊಡೋ ವಾಚು, ಅವರೇ ಜೋಡಿಸಿದ ಬ್ಯಾಚಿನದಂತೆ. ಕೊನೆಗೆ ಲ್ಯಾಬ್ ಬಾಗಿಲಲ್ಲಿ ಬಿಚ್ಚಿ ನನ್ನ ಕೈಗೆ ಕಟ್ಟಿದ್ರು. ಒಳಗಿಂದ ಬಂದ್ಮೇಲೆ ಮೊದಲ ಮಾತು, ‘ಕೀ ಕೊಟ್ಯಾ?’ ನಾನು ಕೊಟ್ಟಿರಲಿಲ್ಲ.

ಕಾಲು ಮಡಚಲಿಲ್ಲ. ಮೂತ್ರದ ವಿಷಯ ಮೊದಲೇ ಹೇಳಿದ್ದಕ್ಕೆ ಗೊಣಗಿಕೊಂಡೇ ಮಲಗಿದ್ರು. ನಿನ್ನೆಯಿಂದ 101 ಜ್ವರ, ಬಲಗಡೆ ನೋವು, ಬಿಕ್ಕಳಿಕೆ. ಗಂಜಿ ಎರಡು ಸೌಟು. ಇದು ಸಾಮಾನ್ಯನಾ?

ನಿವೃತ್ತ ಸಿಸ್ಟರ್ | ಶನಿವಾರ, ರಾತ್ರಿ 9:52

ಸಾಮಾನ್ಯ. ಗಡ್ಡೆ ಸಾಯೋವಾಗ ಮೈ ಬಿಸಿಯಾಗುತ್ತೆ, ಮೂರ್ನಾಲ್ಕು ದಿನ, ಕೆಲವರಿಗೆ ವಾರ. ನೋವಿನ ಮಾತ್ರೆ ಡಾಕ್ಟ್ರು ಬರೆದಿದ್ದೇ ಕೊಡಿ, ಮೆಡಿಕಲ್ ಶಾಪಿಂದ ಬ್ರೂಫೆನ್ ತರಬೇಡಿ. ಚಳಿ ನಡುಕದ ಜ್ವರ ಬಂದ್ರೆ, ವಾರ ಕಳೆದ್ಮೇಲೂ ಜ್ವರ ಇದ್ರೆ, ಕಣ್ಣು ಹಳದಿ, ಹೊಟ್ಟೆ ಊತ, ಮಲ ಕಪ್ಪು, ಮಾತು ತೊದಲು, ಹಗಲೆಲ್ಲ ನಿದ್ದೆ, ಇದರಲ್ಲಿ ಒಂದಾದ್ರೂ ಕಂಡ್ರೆ ಬೆಳಗಾಗೋವರೆಗೆ ಕಾಯಬೇಡ, ಹೊರಡು.

ಟೆಸ್ಟ್ ಮಾಡ್ಸಿದ್ರಾ?

ವಿದ್ಯಾರಣ್ಯಪುರ ಹುಡುಗ | ಏಳು ವಾರದ ನಂತರ, ಭಾನುವಾರ, ಸಂಜೆ 6:10

ಇಷ್ಟು ದಿನ ಬರೆಯೋಕಾಗಲಿಲ್ಲ, ಕ್ಷಮಿಸಿ.

ಐದನೇ ವಾರ ಸಿಟಿ ಆಯ್ತು. ಸಾಸಿವೆಕಾಳು ಅಕ್ಕ ಹೇಳಿದ ಸುಣ್ಣದ ಉಂಡೆ ನಾನೂ ನೋಡ್ದೆ. ಆದ್ರೆ ಒಂದು ಅಂಚಲ್ಲಿ, ಉಗುರು ಕತ್ತರಿಸಿ ಎಸೆದ ಚೂರಿನಷ್ಟು, ಡೈಗೆ ಇನ್ನೂ ಹೊಳೀತಿತ್ತು, ಅಂದ್ರೆ ಅಷ್ಟು ಗಡ್ಡೆ ಸತ್ತಿರಲಿಲ್ಲ. ಎಎಫ್‌ಪಿ 410 ಇದ್ದದ್ದು 62. ಬಿಲಿರುಬಿನ್ 1.5. ಮೈಕ್ರೋವೇವ್ ಹೋದ ಮಂಗಳವಾರ ಆಯ್ತು, ಅರಿವಳಿಕೆ ಕೊಟ್ಟು ಮಾಡಿದ್ರು, ಕರುಳನ್ನ ನೀರು ಬಿಟ್ಟು ಸರಿಸಿದ್ರಂತೆ. ಇದು ಗುಣ ಮಾಡೋಕಾ ಅಂತ ಬಾಯಿಬಿಟ್ಟು ಕೇಳ್ದೆ. ‘ಆ ಉದ್ದೇಶದಿಂದಲೇ ಮಾಡ್ತಿದೀವಿ, ಆದ್ರೆ ಈ ಲಿವರ್‌ನಲ್ಲಿ ಬೇರೆ ಕಡೆ ಹೊಸದು ಬರಬಹುದು, ಮೂರು ತಿಂಗಳಿಗೊಮ್ಮೆ ನೋಡ್ತಿರಬೇಕು’ ಅಂದ್ರು. ಬೇಜಾರು ಮಾಡ್ಕೊಳ್ಳಲಿಲ್ಲ. ಅಪ್ಪಂಗೆ ಹೆಪಟೈಟಿಸ್ ಬಿ ವೈರಸ್ ಹಿಡಿತದಲ್ಲಿಡೋ ಟೆನೊಫೊವಿರ್ ಮಾತ್ರೆ ದಿನಾ ಒಂದು, ಮೊದಲೇ ಶುರುವಾಗಿದೆ.

ಟೆಸ್ಟ್ ಮಾಡ್ಸಿದ್ವಿ ಸಿಸ್ಟರ್. ಅಮ್ಮ ನೆಗೆಟಿವ್, ನಾನು ನೆಗೆಟಿವ್. ತಮ್ಮ ಪಾಸಿಟಿವ್. ಅವನಿಗೆ 34, ಮದುವೆ ಮಾತುಕತೆ ನಡೀತಿದೆ.

ಅವತ್ತು ರಾತ್ರಿ ಅಪ್ಪ ಒಳಗೆ ಹೋಗಿ ವಾಚಿನ ಹಳೇ ಡಬ್ಬಿ ತಂದ್ರು. ಸ್ಪ್ರಿಂಗು, ಮುಳ್ಳು ಎಲ್ಲ ಇಡೋ ಡಬ್ಬಿ. ತಳದಲ್ಲಿ ರಕ್ತನಿಧಿಯ ಕಾಗದ, ಎಂಟು ಮಡಿಕೆ. ಇಪ್ಪತ್ತು ವರ್ಷದ ಮೇಲಾಗಿದೆ. ‘ತಜ್ಞ ವೈದ್ಯರನ್ನು ಭೇಟಿ ಮಾಡಿ’ ಅಂತ ಕೆಳಗೆ ಅಚ್ಚಾಗಿತ್ತು. ಅಪ್ಪ ಏನೂ ಹೇಳಲಿಲ್ಲ. ತಮ್ಮ ಅದನ್ನ ಓದಿ ಅದೇ ಥರ ಎಂಟು ಮಡಿಕೆ ಮಾಡಿ ವಾಪಸ್ ಇಟ್ಟ.

ಸಾಸಿವೆಕಾಳು | ಭಾನುವಾರ, ಸಂಜೆ 7:00

ಬಿಲಿರುಬಿನ್ 1.5 ಅನ್ನೋದನ್ನ ಮೊದಲು ಹುಡುಕಿ ಓದ್ದೆ.

ಸೀಸದ ಅಂಗಿ | ಭಾನುವಾರ, ರಾತ್ರಿ 8:40

ತಮ್ಮನಿಗೆ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ), ಎಎಲ್‌ಟಿ (ಲಿವರ್‌ಗೆ ಪೆಟ್ಟಾಗಿದೆಯಾ ಅನ್ನೋ ರಕ್ತ ಪರೀಕ್ಷೆ), ಹೊಟ್ಟೆ ಸ್ಕ್ಯಾನಿಂಗ್, ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಡಸಾಗಿದೆ ಅನ್ನೋ ಸ್ಕ್ಯಾನ್) ಮಾಡಿಸಿ. ಮಾತ್ರೆ ಬೇಕೋ ಬೇಡವೋ ಅನ್ನೋದು ಆಮೇಲೆ ಗೊತ್ತಾಗುತ್ತೆ, ಪಾಸಿಟಿವ್ ಬಂದವರೆಲ್ಲರಿಗೂ ಬೇಕಾಗಲ್ಲ. ತಂದೆಗೆ ಲಿವರ್ ಕ್ಯಾನ್ಸರ್ ಆಗಿದೆ ಅಂತ ತಪ್ಪದೆ ಹೇಳಲಿ. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ಕಾರ್ಯಕ್ರಮ 2018ರಿಂದ ಇದೆ, ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆ, ಮಾತ್ರೆ ಉಚಿತ. ಹುಡುಗಿಗೆ ಮುಚ್ಚಿಡೋದು ಬೇಡ, ಲಸಿಕೆ ಇದೆ, ಮೂರು ಡೋಸ್.

ವಿದ್ಯಾರಣ್ಯಪುರ ಹುಡುಗ | ಭಾನುವಾರ, ರಾತ್ರಿ 9:05

ನಾಳೆ ಬೆಳಿಗ್ಗೆ ತಮ್ಮನ್ನ ರಕ್ತ ಪರೀಕ್ಷೆಗೆ ಕರ್ಕೊಂಡು ಹೋಗ್ತಿದೀನಿ. ಖಾಲಿ ಹೊಟ್ಟೆಲಿ ಹೋಗ್ಬೇಕಾ?

ನಿವೃತ್ತ ಸಿಸ್ಟರ್ | ಭಾನುವಾರ, ರಾತ್ರಿ 9:07

ರಕ್ತಕ್ಕೆ ಬೇಡ, ತಿಂಡಿ ತಿಂದ್ಕೊಂಡು ಹೋಗ್ಲಿ. ನಾಳೆನೇ ಫೈಬ್ರೋಸ್ಕ್ಯಾನೂ ಮಾಡ್ತೀವಿ ಅಂದ್ರೆ ಮಾತ್ರ ಮೂರು ಗಂಟೆ ಮುಂಚೆಯಿಂದ ಏನೂ ಬೇಡ, ಕಾಫಿನೂ ಸೇರಿ.